ಓದುಗರ ಪ್ರಶ್ನೆ: ‘ಹುಡುಗಿಯಾದರೂ’ ಎಂಬ ಮಾತಿನೊಳಗೆ ಏನಿದೆ?

ಕಳೆದ ಸಂಚಿಕೆಯಲ್ಲಿ ಹೇಳಿಕೆ ಮತ್ತು ಅದರೊಳಗೆ ಹೇಳದೆ ಅಡಗಿರುವ ಊಹೆಗಳ ಬಗ್ಗೆ ಕೊಟ್ಟಿದ್ದ ಪುಟ್ಟ ಉತ್ತರವೊಂದಕ್ಕೆ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಕೆಲವು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರವು. ಉಳಿದವು ಮನೆಯಲ್ಲಿ, ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಹಿಡಿದು ಬರೆದವು. ನನಗೆ ಎರಡನೆಯ ಬಗೆಯವೇ ಹೆಚ್ಚು ಹಿಡಿಸಿದವು. ಆದರೂ ಪರೀಕ್ಷೆ ಹತ್ತಿರವಿರುವವರನ್ನು ಕಾಯಿಸುವುದು ಸರಿಯಲ್ಲವಾದ್ದರಿಂದ ಅವರಿಂದಲೇ ಆರಂಭಿಸುತ್ತೇನೆ.

ಪ್ರಶ್ನೆ: ನಾನು ಪಿಎಸ್‌ಐ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಅಭ್ಯಾಸದ ಪ್ರಶ್ನೆಪತ್ರಿಕೆಯೊಂದರಲ್ಲಿ ಈ ಹೇಳಿಕೆ ಇತ್ತು: ‘ಆಲಮಟ್ಟಿ ಜಲಾಶಯದ ಹೊರಹರಿವನ್ನು ಹೆಚ್ಚಿಸಲಾಗಿದ್ದು, ನದಿ ತೀರದ ಗ್ರಾಮಸ್ಥರು ಎಚ್ಚರದಿಂದ ಇರಬೇಕು.’ ಕೆಳಗೆ ಮೂರು ಊಹೆಗಳು. ಊಹೆ 1: ಜಲಾಶಯ ಭರ್ತಿಯಾಗಿದೆ. ಊಹೆ 2: ಮುನ್ಸೂಚನೆ ಸಿಕ್ಕರೆ ಗ್ರಾಮಸ್ಥರು ಹಾನಿಯಿಂದ ತಪ್ಪಿಸಿಕೊಳ್ಳಲು ಏನಾದರೂ ಮಾಡಬಲ್ಲರು. ಊಹೆ 3: ಗ್ರಾಮಸ್ಥರೆಲ್ಲರೂ ಈ ಸೂಚನೆಯನ್ನು ಪಾಲಿಸುತ್ತಾರೆ. ಮೂರೂ ಸರಿ ಎಂದು ನಾನು ಗುರುತು ಹಾಕಿದೆ. ಕೀ ಉತ್ತರದಲ್ಲಿ 2 ಮಾತ್ರ ಇದೆ. ಡ್ಯಾಮ್ ತುಂಬದೆ ನೀರು ಏಕೆ ಬಿಡುತ್ತಾರೆ? — ಓದುಗರು, ವಿಜಯಪುರ

ಉತ್ತರ: ಕೀ ಉತ್ತರ ಸರಿಯಾಗಿದೆ. ಪರೀಕ್ಷಾ ಪುಸ್ತಕಗಳು ‘ಊಹೆ’ ಎಂದೂ ‘ಪೂರ್ವಗ್ರಹಿಕೆ’ ಎಂದೂ ಕರೆಯುವುದು, ಹೇಳುವವರು ಬಾಯಿ ತೆರೆಯುವ ಮೊದಲೇ ಒಪ್ಪಿಕೊಂಡು, ಬಿಡಿಸಿ ಹೇಳುವ ಅಗತ್ಯವಿಲ್ಲವೆಂದು ಬಿಟ್ಟ ಮಾತನ್ನು. ಹೇಳಿಕೆಯನ್ನು ಓದಿದ ಮೇಲೆ ಓದುಗನ ತಲೆಯಲ್ಲಿ ಹೊಳೆಯುವುದಕ್ಕೆ ಬೇರೆ ಹೆಸರುಗಳಿವೆ: ಅದು ತೀರ್ಮಾನವಾಗಿರಬಹುದು, ಇಲ್ಲವೆ ಬರೀ ಶಂಕೆಯಾಗಿರಬಹುದು. (ಪೂರ್ವಗ್ರಹಿಕೆಯನ್ನು ಅವಸರದಲ್ಲಿ ಪೂರ್ವಗ್ರಹ ಎಂದು ಓದಿಕೊಂಡು ಪತ್ರ ಬರೆದವರೂ ಇದ್ದಾರೆ. ಪೂರ್ವಗ್ರಹ ಒಂದು ದೋಷ. ಪೂರ್ವಗ್ರಹಿಕೆ ಇಲ್ಲದೆ ಯಾರೂ ಒಂದು ವಾಕ್ಯವನ್ನೂ ಆಡಲಾರರು.)

ಇವನ್ನು ಬೇರ್ಪಡಿಸುವ ಉಪಾಯ ಸರಳವಾಗಿದೆ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುವಂತೆ ಊಹೆಯನ್ನು ತಿರುವಿ ಹಾಕಿ, ಅಂದರೆ ಅದರ ನಿಷೇಧವನ್ನು (ಅದು ಹಾಗಲ್ಲ ಎಂಬ ಮಾತನ್ನು) ಬರೆದುಕೊಂಡು, ಅದರ ಪಕ್ಕದಲ್ಲಿ ಮೂಲ ಹೇಳಿಕೆಯನ್ನು ಮತ್ತೆ ಓದಬೇಕು. ಹೇಳಿಕೆಗೆ ಅರ್ಥವೇ ಉಳಿಯದಿದ್ದರೆ ಆ ಊಹೆ ಅದರೊಳಗೆ ಇತ್ತು. ಹೇಳಿಕೆ ಹಾಗೆಯೇ ನಿಂತರೆ ಇರಲಿಲ್ಲ. ಎರಡನೆಯ ಊಹೆಯನ್ನು ತಿರುವೋಣ: ‘ಮುನ್ಸೂಚನೆ ಸಿಕ್ಕರೂ ಗ್ರಾಮಸ್ಥರು ಏನನ್ನೂ ಮಾಡಲಾರರು.’ ಹಾಗಿದ್ದರೆ ‘ಎಚ್ಚರದಿಂದ ಇರಬೇಕು’ ಎಂದು ಯಾರಿಗೆ, ಯಾಕೆ ಹೇಳಬೇಕು? ಸೂಚನೆ ಕುಸಿಯಿತು, ಊಹೆ ಸಿಕ್ಕಿತು. ಮೂರನೆಯದನ್ನು ತಿರುವುವಾಗ ಬಹಳ ಜನ ಎಡವುತ್ತಾರೆ. ‘ಎಲ್ಲರೂ ಪಾಲಿಸುತ್ತಾರೆ’ ಎಂಬುದರ ನಿಷೇಧ ‘ಯಾರೂ ಪಾಲಿಸುವುದಿಲ್ಲ’ ಎಂದಾಗುವುದಿಲ್ಲ. ‘ಕೆಲವರಾದರೂ ಪಾಲಿಸುವುದಿಲ್ಲ’ ಎಂದಷ್ಟೇ ಆಗುತ್ತದೆ. ಕೆಲವರು ಪಾಲಿಸದಿದ್ದರೂ ಸೂಚನೆ ಕೊಡುವುದು ಅರ್ಥಪೂರ್ಣವೇ. ಹೊಳೆಯ ದಂಡೆಯಲ್ಲಿ ಪಂಪ್‌ಸೆಟ್ ಬಿಟ್ಟು ಬರಲು ಮನಸ್ಸಿಲ್ಲದ ರೈತರು ಇರುತ್ತಾರೆಂದು ಗೊತ್ತಿರುವುದರಿಂದಲೇ ಅಲ್ಲವೆ ಊರೂರಿನಲ್ಲಿ ಡಂಗುರ ಸಾರಿಸುವುದು?

ಇನ್ನು ಮೊದಲನೆಯದು, ನಿಮ್ಮ ನಿಜವಾದ ತಕರಾರು. ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್, ಆ ಮಟ್ಟದಲ್ಲಿ ಅದರ ಸಂಗ್ರಹ 123.08 ಟಿಎಂಸಿ. ಮಹಾರಾಷ್ಟ್ರದ ಜಲಾನಯನ ಪ್ರದೇಶದಲ್ಲಿ ದೊಡ್ಡ ಮಳೆಯಾಗಿ ಒಳಹರಿವು ಏರುವ ಲಕ್ಷಣ ಕಂಡಾಗ, ಬರುವ ನೀರಿಗೆ ಜಾಗ ಮಾಡಲು ಆ ಮಟ್ಟ ಮುಟ್ಟುವ ಮೊದಲೇ ನೀರು ಬಿಡುವುದುಂಟು. ಹೀಗಾಗಿ ‘ಜಲಾಶಯ ಭರ್ತಿಯಾಗಿಲ್ಲ’ ಎಂದು ತಿರುವಿದರೂ ಹೇಳಿಕೆ ಅಲುಗಾಡುವುದಿಲ್ಲ. ನೀವು ಮಾಡಿದ್ದು ಕಾರಣದ ಹುಡುಕಾಟ: ಹೊರಹರಿವು ಹೆಚ್ಚಿದೆಯೆಂದರೆ ಏನಾಗಿರಬಹುದು ಎಂದು ಕೇಳಿಕೊಂಡು, ತೋಚಿದ ಮೊದಲ ಉತ್ತರವನ್ನು ಹೇಳಿದವರ ತಲೆಗೆ ಕಟ್ಟಿದಿರಿ. ಆ ಹೇಳಿಕೆಯಲ್ಲಿ ಪ್ರಶ್ನೆಪತ್ರಿಕೆ ಕೇಳದೆ ಬಿಟ್ಟ ಇನ್ನೊಂದು ಊಹೆಯೂ ಇದೆ. ‘ನದಿ ತೀರದ ಗ್ರಾಮಸ್ಥರು’ ಎಂದಾಗ ಹೇಳಿದವರ ಮನಸ್ಸಿನಲ್ಲಿರುವುದು ಅಣೆಕಟ್ಟೆಯ ಕೆಳಗೆ, ನಾರಾಯಣಪುರದ ಕಡೆಗಿನ ತೀರ. ಮೇಲೆ ಹಿನ್ನೀರಿನ ಅಂಚಿನಲ್ಲಿರುವ ಊರಿನವರಿಗೆ ಅದೇ ಸುದ್ದಿ ಸಮಾಧಾನದ್ದು. ಅವರೂ ನದಿ ತೀರದವರೇ, ಆದರೆ ಈ ವಾಕ್ಯ ಅವರ ಜೊತೆ ಮಾತನಾಡುತ್ತಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ‘ಎಲ್ಲ’, ‘ಮಾತ್ರ’, ‘ಯಾವಾಗಲೂ’ ಎಂಬ ಪದ ಕಂಡರೆ ಆ ಊಹೆ ತಪ್ಪೆಂದು ಗುರುತು ಹಾಕಿ ಮುಂದೆ ಹೋಗಿ ಎಂದು ತರಬೇತಿಯ ತರಗತಿಗಳಲ್ಲಿ ಕಲಿಸುವುದುಂಟು. ಈ ಅಡ್ಡದಾರಿಯನ್ನು ನಂಬಬೇಡಿ. ವಿಜಯಪುರ ಜಿಲ್ಲೆಯ ಇಂಡಿ ಎಂಬ ಊರಿನವನೊಬ್ಬನ ಬಗ್ಗೆ ಆಡಿದ ‘ಅವನು ಇಂಡಿಯವನು, ಆದ್ದರಿಂದ ಅವನಿಗೆ ನಿಂಬೆ ಬೆಳೆ ಗೊತ್ತಿರಲೇಬೇಕು’ ಎಂಬ ಮಾತನ್ನು ನೋಡಿ. ಇಂಡಿಯವರಿಗೆಲ್ಲ ನಿಂಬೆ ಬೆಳೆ ಗೊತ್ತಿದೆ ಎಂಬ ಊಹೆ ಇಲ್ಲದೆ ಆ ‘ಆದ್ದರಿಂದ’ ಮತ್ತು ಆ ‘ಲೇಬೇಕು’ ಎರಡೂ ನಿಲ್ಲುವುದಿಲ್ಲ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರಬಹುದು, ಆದರೆ ಅಲ್ಲಿ ಹೊಲವೇ ಇಲ್ಲದ ದರ್ಜಿಗಳೂ ಗುಮಾಸ್ತರೂ ಇದ್ದಾರೆ; ಊಹೆ ಸುಳ್ಳು. ಸುಳ್ಳಾದರೂ ಅದು ಆ ಹೇಳಿಕೆಯ ಊಹೆಯೇ. ಒಳಗೆ ಇದೆಯೇ ಎಂಬುದು ಒಂದು ಪ್ರಶ್ನೆ, ನಿಜವೇ ಎಂಬುದು ಇನ್ನೊಂದು. ಪರೀಕ್ಷೆಯಲ್ಲಿ ಕೇಳುವುದು ಮೊದಲನೆಯದನ್ನು ಮಾತ್ರ.

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಗಣಿತದಲ್ಲಿ ತರಗತಿಗೇ ಮೊದಲು ಬಂದಳೆಂದು ಕೇಳಿ ನನ್ನ ಅಣ್ಣ ಊಟಕ್ಕೆ ಕುಳಿತಾಗ, ‘ಹುಡುಗಿ ಆದ್ರೂ ಲೆಕ್ಕದಾಗ ಭಾಳ ಶಾಣ್ಯಾಕಿ ಅದಾಳ’ ಎಂದು ಮೆಚ್ಚಿಕೊಂಡ. ಮಗಳು ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದಳು. ಅಣ್ಣನಿಗೆ ಬೇಸರವಾಗಿದೆ. ಹೊಗಳಿದ್ದಕ್ಕೆ ಸಿಟ್ಟೇಕೆ? — ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ನಿಮ್ಮ ಮಗಳು ತರ್ಕದಲ್ಲಿಯೂ ಶಾಣ್ಯಾಕಿ ಎಂದು ತೋರುತ್ತದೆ. ಅವಳ ಸಿಟ್ಟಿನ ಕಾರಣ ‘ಆದ್ರೂ’ ಎಂಬ ಒಂದೇ ಪದದಲ್ಲಿದೆ. ‘ಮಳೆ ಬಂದರೂ ಸಂತೆ ನಡೆಯಿತು’ ಎಂದಾಗ, ಮಳೆ ಬಂದರೆ ಸಾಮಾನ್ಯವಾಗಿ ಸಂತೆ ನಡೆಯುವುದಿಲ್ಲ ಎಂಬುದನ್ನು ನಾವು ಹೇಳದೆಯೇ ಹೇಳಿರುತ್ತೇವೆ. ಅದೇ ಲೆಕ್ಕದಲ್ಲಿ ‘ಹುಡುಗಿ ಆದ್ರೂ’ ಎಂದಾಗ ಹುಡುಗಿಯರಿಗೆ ಸಾಮಾನ್ಯವಾಗಿ ಗಣಿತ ಹತ್ತುವುದಿಲ್ಲ ಎಂಬುದು ಒಳಗೆ ಬಂದು ಕುಳಿತಿರುತ್ತದೆ. ಅನುಮಾನವಿದ್ದರೆ ‘ಹುಡುಗ ಆದ್ರೂ ಲೆಕ್ಕದಾಗ ಭಾಳ ಶಾಣ್ಯಾ ಅದಾನ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ. ವಾಕ್ಯದ ವ್ಯಾಕರಣ ಎರಡರಲ್ಲೂ ಒಂದೇ. ವಿಚಿತ್ರವೆನಿಸುವುದು ಎರಡನೆಯದಕ್ಕೆ ಬೇಕಾದ ಊಹೆಯನ್ನು ನಮ್ಮಲ್ಲಿ ಯಾರೂ ಇಟ್ಟುಕೊಂಡಿಲ್ಲದ್ದರಿಂದ.

ಕನ್ನಡ ಈ ವಿಷಯದಲ್ಲಿ ಬಹಳ ಶ್ರೀಮಂತ ಭಾಷೆ, ಮತ್ತು ಅಷ್ಟೇ ಅಪಾಯಕಾರಿ. ಬೇರೆಡೆ ಒಂದು ವಾಕ್ಯವೇ ಬೇಕಾಗುವ ಊಹೆಯನ್ನು ನಾವು ಒಂದಕ್ಷರದಲ್ಲಿ ಅಂಟಿಸಿಬಿಡುತ್ತೇವೆ. ‘ಅವನು ಪಾಸಾದ’ ಎಂಬುದು ಬರಿಯ ಸುದ್ದಿ. ‘ಅವನೂ ಪಾಸಾದ’ ಎಂದರೆ ಬೇರೆ ಯಾರೋ ಪಾಸಾಗಿದ್ದಾರೆ; ಹೇಳುವ ದನಿ ಸ್ವಲ್ಪ ಬದಲಾದರೆ, ಅವನಿಂದ ಆಗುವುದೆಂದು ಯಾರೂ ಎಣಿಸಿರಲಿಲ್ಲ ಎಂಬುದೂ ಸೇರುತ್ತದೆ. ‘ಅವನೊಬ್ಬನೇ ಪಾಸಾದ’ ಎಂದರೆ ಪರೀಕ್ಷೆಗೆ ಕುಳಿತವರು ಬೇರೆಯವರೂ ಇದ್ದರು. ‘ಅವನಾದರೂ ಪಾಸಾದ’ ಎಂದರೆ ಉಳಿದವರ ಮೇಲಿನ ಆಸೆ ಹುಸಿಹೋಗಿದೆ, ಒಬ್ಬನಾದರೂ ಪಾಸಾಗಲಿ ಎಂದು ಮನೆಯವರು ಕಾದಿದ್ದರು. ‘ಇನ್ನೂ ಪಾಸಾಗಿಲ್ಲ’ ಎಂದರೆ ಇಷ್ಟು ಹೊತ್ತಿಗೆ ಆಗಬೇಕಿತ್ತು. ‘ಮತ್ತೆ ನಪಾಸಾದ’ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಊಹೆಗಳಿಗೆ ಇನ್ನೊಂದು ಗುಣವಿದೆ, ನಿಮ್ಮ ಮಗಳನ್ನು ಕಟ್ಟಿಹಾಕಿದ್ದು ಅದೇ. ವಾಕ್ಯವನ್ನು ಪ್ರಶ್ನೆಯಾಗಿಸಿದರೂ, ಇಲ್ಲವೆಂದು ಅಲ್ಲಗಳೆದರೂ ಅವು ಜಾಗ ಬಿಟ್ಟು ಕದಲುವುದಿಲ್ಲ. ‘ಅವನೂ ಪಾಸಾದನೇ?’ ಎಂದು ಕೇಳಿದರೂ ಬೇರೆಯವರು ಪಾಸಾದದ್ದು ಹಾಗೆಯೇ ಉಳಿಯುತ್ತದೆ. ಮಾಮನ ಮಾತಿಗೆ ಹುಡುಗಿ ‘ಹೌದು’ ಎಂದಿದ್ದರೆ ಒಳಗಿನ ಊಹೆಗೂ ತಲೆಯಾಡಿಸಿದಂತೆ. ‘ಇಲ್ಲ’ ಎಂದಿದ್ದರೆ ತಾನು ಜಾಣೆಯಲ್ಲ ಎಂದು ಹೇಳಿಕೊಂಡಂತೆ, ಊಹೆ ಮಾತ್ರ ಹಾಗೆಯೇ ಕುಳಿತಿರುತ್ತದೆ. ಎರಡೂ ಬಾಗಿಲು ಮುಚ್ಚಿದ್ದರಿಂದ ಅವಳು ಎದ್ದು ಹೋದಳು. ಮೂರನೆಯ ದಾರಿಯೊಂದಿದೆ: ಮೇಲಿನ ಮಾತನ್ನು ಬಿಟ್ಟು ಒಳಗಿನದನ್ನೇ ಹಿಡಿದು, ‘ಮಾಮಾ, ಹುಡುಗ್ಯಾರಿಗೆ ಲೆಕ್ಕ ಬರೂದಿಲ್ಲ ಅಂತ ನಿಮಗ ಯಾರು ಹೇಳಿದ್ರು?’ ಎಂದು ನಗುತ್ತಲೇ ಕೇಳುವುದು. ಹದಿಮೂರು ವರ್ಷದ ಹುಡುಗಿಗೆ ಊಟದ ಪಂಕ್ತಿಯಲ್ಲಿ ಅದು ಥಟ್ಟನೆ ಹೊಳೆಯುವುದು ಕಷ್ಟ.

ನಿಮ್ಮ ಅಣ್ಣನ ಪರವಾಗಿಯೂ ಒಂದು ಮಾತು ಹೇಳಬೇಕು. ವಾಕ್ಯದಲ್ಲಿ ಊಹೆ ಇದೆ ಎಂಬುದು ಖಚಿತ. ಅದನ್ನು ಅವರು ಮನಸಾರೆ ನಂಬಿದ್ದಾರೆ ಎಂಬುದು ಖಚಿತವಲ್ಲ. ಊರಿನವರ ಬಾಯಲ್ಲಿರುವ ಮಾತಿನ ಅಚ್ಚನ್ನು ಹಾಗೆಯೇ ಎತ್ತಿಕೊಂಡಿರಬಹುದು.

ಪ್ರಶ್ನೆ: ನಾನು ಗೋಳಗುಮ್ಮಟದಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಕನಾಗಿದ್ದೇನೆ. ‘ಇದನ್ನು ಯಾವ ರಾಣಿಯ ನೆನಪಿಗೆ ಕಟ್ಟಿಸಿದರು?’ ಎಂದು ಆಗಾಗ ಕೇಳುತ್ತಾರೆ. ‘ಯಾವ ರಾಣಿಗೂ ಅಲ್ಲ’ ಎಂದರೆ ಒರಟಾಗಿ ಕೇಳಿಸುತ್ತದೆ. ಇಂತಹ ಪ್ರಶ್ನೆಗೆ ಉತ್ತರ ಹೇಗೆ? — ಓದುಗರು, ವಿಜಯಪುರ

ಉತ್ತರ: ತಾಜಮಹಲನ್ನು ಕಣ್ಣ ಮುಂದಿಟ್ಟುಕೊಂಡು ಬಂದವರು ಹಾಗೆ ಕೇಳುವುದು ಸಹಜ. ಒಳಗೆ ಅರಸನ ಕುಟುಂಬದವರ ಗೋರಿಗಳೂ ಇರುವುದರಿಂದ ಅವರ ತಪ್ಪು ದೊಡ್ಡದೂ ಅಲ್ಲ. ಗುಮ್ಮಟವು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿ. ಅದನ್ನು ಕಟ್ಟಲು ಆರಂಭಿಸಿದವನೂ ಅವನೇ. ಆ ಪ್ರಶ್ನೆ ‘ಒಬ್ಬ ರಾಣಿಯ ನೆನಪಿಗೆ ಕಟ್ಟಿದ್ದು’ ಎಂಬುದನ್ನು ಒಪ್ಪಿಕೊಂಡು ಹೆಸರನ್ನು ಮಾತ್ರ ಕೇಳುತ್ತಿದೆ. ಅದರ ಚೌಕಟ್ಟಿನೊಳಗೆ ನಿಂತು ಕೊಡುವ ಯಾವ ಹೆಸರೂ ಸರಿಯಾಗದು. ಮೊದಲು ಊಹೆಯನ್ನು ತಿದ್ದಿ, ಆಮೇಲೆ ಉತ್ತರ ಕೊಡಿ: ‘ರಾಣಿಗೆಂದು ಕಟ್ಟಿದ್ದಲ್ಲರೀ, ಅರಸ ತನಗಾಗಿಯೇ ಕಟ್ಟಿಸಿಕೊಂಡಿದ್ದು.’

ತತ್ತ್ವಶಾಸ್ತ್ರದಲ್ಲಿ ಇದೊಂದು ಪ್ರಸಿದ್ಧ ಜಗಳ. ಫ್ರಾನ್ಸಿನಲ್ಲಿ ರಾಜನೇ ಇಲ್ಲದಿರುವಾಗ ‘ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು’ ಎಂದರೆ ಆ ಮಾತು ಸುಳ್ಳು ಎಂದು ಬರ್ಟ್ರಂಡ್ ರಸೆಲ್ 1905ರಲ್ಲಿ ವಾದಿಸಿದರು. ಸುಳ್ಳು ನಿಜಗಳ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ ಎಂದು ಪೀಟರ್ ಸ್ಟ್ರಾಸನ್ 1950ರಲ್ಲಿ ಆಕ್ಷೇಪ ಎತ್ತಿದರು. ನಿಮ್ಮ ಕೆಲಸಕ್ಕೆ ಸ್ಟ್ರಾಸನ್ ಹೆಚ್ಚು ಒದಗುತ್ತಾರೆ: ಪ್ರವಾಸಿಯನ್ನು ಸುಳ್ಳುಗಾರನನ್ನಾಗಿ ಮಾಡಬೇಕಾಗಿಲ್ಲ.

ಪ್ರಶ್ನೆ: ‘ಅಧಿವೇಶನ ಬೆಳಗಾವಿಯಲ್ಲೇ ನಡೆಯುತ್ತದೆ, ಆದ್ದರಿಂದ ನಮ್ಮ ಭಾಗದ ಸಮಸ್ಯೆಗಳು ಚರ್ಚೆಗೆ ಬರುತ್ತವೆ’ ಎಂದು ಗೆಳೆಯರೊಬ್ಬರು ಚಹಾದ ಅಂಗಡಿಯಲ್ಲಿ ವಾದಿಸಿದರು. ಎಲ್ಲಿ ಕುಳಿತರೆ ಅಲ್ಲಿನದೇ ಚರ್ಚೆಯಾಗುತ್ತದೆ ಎಂಬ ಊಹೆ ಇದರಲ್ಲಿದೆ, ಅದು ಸುಳ್ಳು ಎಂದು ನಾನು ಹೇಳಿದೆ. ಸರಿಯೇ? — ಓದುಗರು, ಬೆಳಗಾವಿ

ಉತ್ತರ: ನೀವು ಗೆಳೆಯರಿಗೆ ಅವರು ಹೊರಬೇಕಾದದ್ದಕ್ಕಿಂತ ಹೆಚ್ಚಿನ ಭಾರ ಹೊರಿಸಿದ್ದೀರಿ. ಆ ವಾದಕ್ಕೆ ಬೇಕಾದದ್ದು, ಕಲಾಪ ನಡೆಯುವ ಸ್ಥಳವು ಅಲ್ಲಿನ ಸಮಸ್ಯೆಗಳನ್ನು ಚರ್ಚೆಯ ಪಟ್ಟಿಯೊಳಕ್ಕೆ ತರುವಷ್ಟು ಪ್ರಭಾವ ಬೀರುತ್ತದೆ ಎಂಬ ಊಹೆ ಮಾತ್ರ. ‘ಅಲ್ಲಿನದೇ ಚರ್ಚೆಯಾಗುತ್ತದೆ’ ಎಂಬ ದೊಡ್ಡ ಊಹೆ ಇದ್ದರೆ ವಾದಕ್ಕೆ ಸಾಕು, ಆದರೆ ಅದು ಬೇಕೇಬೇಕು ಎಂದಿಲ್ಲ. ಸಾಕಾಗುವುದಕ್ಕೂ ಬೇಕಾಗುವುದಕ್ಕೂ ಇರುವ ಈ ಅಂತರವನ್ನು ಮರೆತಾಗಲೇ ಚಹಾದ ಅಂಗಡಿಯ ವಾದಗಳು ಕೆಡುವುದು. ಎದುರಿನವರ ಮಾತಿಗೆ ಅತ್ಯಂತ ಹಗುರವಾದ ಊಹೆ ಯಾವುದೋ ಅದನ್ನೇ ಮೊದಲು ಅವರ ಹೆಸರಿಗೆ ಬರೆಯಬೇಕು. ಹಗುರವಾದದ್ದೂ ಪರೀಕ್ಷೆಗೆ ಹೊರತಲ್ಲ: ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರಲ್ಲಿ, ಅಲ್ಲಿ ನಡೆದ ಕಲಾಪಗಳ ದಾಖಲೆಗಳಿವೆ. ನಮ್ಮ ಭಾಗದ ವಿಷಯಗಳು ಎಷ್ಟು ದಿನ, ಎಷ್ಟು ಹೊತ್ತು ಬಂದವು ಎಂದು ಎಣಿಸಿದರೆ ಇಬ್ಬರ ವಾದವೂ ಊಹೆಯಿಂದ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನಾನು ನಿವೃತ್ತ ಸಂಸ್ಕೃತ ಶಿಕ್ಷಕ. ನೀವು ವಿವರಿಸುವ ‘ಅಂತರ್ಗತ ಊಹೆ’ ನಮ್ಮ ಶಾಸ್ತ್ರಗಳ ಅರ್ಥಾಪತ್ತಿಯೇ ಅಲ್ಲವೆ? ಪರೀಕ್ಷಾ ಪುಸ್ತಕಗಳು ಇದನ್ನು ಹೊಸ ವಿದ್ಯೆಯೆಂಬಂತೆ ಕಲಿಸುತ್ತಿವೆ. — ಓದುಗರು, ಜಮಖಂಡಿ

ಉತ್ತರ: ಹತ್ತಿರದ ನೆಂಟಸ್ತಿಕೆ ಇದೆ ಸರ್, ಆದರೆ ಎರಡೂ ಒಂದೇ ಎನ್ನಲಾರೆ. ಇತರ ಓದುಗರಿಗಾಗಿ ತಾವು ಬಲ್ಲ ಉದಾಹರಣೆಯನ್ನೇ ಹೇಳುತ್ತೇನೆ: ದೇವದತ್ತ ದಪ್ಪಗಿದ್ದಾನೆ, ಹಗಲಿನಲ್ಲಿ ಉಣ್ಣುವುದಿಲ್ಲ. ಈ ಎರಡೂ ನಿಜವಾಗಿದ್ದರೆ ಅವನು ರಾತ್ರಿ ಉಣ್ಣುತ್ತಿರಲೇಬೇಕು. ಹೊಂದಿಕೆಯಾಗದಂತೆ ಕಾಣುವ ಎರಡು ಸಂಗತಿಗಳನ್ನು ಹೊಂದಿಸಲು ಮೂರನೆಯದನ್ನು ಕಲ್ಪಿಸಿಕೊಳ್ಳುವುದೇ ಅರ್ಥಾಪತ್ತಿ. ಇದನ್ನು ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಪ್ರತ್ಯೇಕ ಪ್ರಮಾಣವೆಂದು, ಅಂದರೆ ತಿಳಿವಿನ ಬೇರೆಯೇ ದಾರಿಯೆಂದು ಒಪ್ಪಿದರು. ಪ್ರತ್ಯಕ್ಷ (ಕಂಡದ್ದು), ಅನುಮಾನ (ಕುರುಹಿನಿಂದ ತರ್ಕಿಸಿದ್ದು), ಉಪಮಾನ (ಹೋಲಿಕೆ), ಶಬ್ದ (ನಂಬಬಹುದಾದವರ ಮಾತು) ಎಂಬ ನಾಲ್ಕನ್ನೇ ಒಪ್ಪುವ, ನ್ಯಾಯವೆಂಬ ತರ್ಕಶಾಸ್ತ್ರದ ನೈಯಾಯಿಕರು ಇದನ್ನು ಅನುಮಾನದೊಳಗೇ ಸೇರಿಸಿದರು. ಇಲ್ಲಿ ‘ರಾತ್ರಿ ಉಣ್ಣುತ್ತಾನೆ’ ಎಂಬುದು ಕೇಳುಗ ಮುಟ್ಟುವ ನೆಲೆ. ಹೇಳಿದವನಿಗೆ ಅದು ಗೊತ್ತೇ ಇಲ್ಲದಿರಬಹುದು; ದೇವದತ್ತ ಉಪವಾಸದ ಮಹಿಮೆಯಿಂದ ದಪ್ಪಗಾದನೆಂದೇ ಆತ ನಂಬಿರಬಹುದು. ನಾವು ಹುಡುಕುತ್ತಿರುವ ಊಹೆ ಇನ್ನೂ ಒಂದು ಮೆಟ್ಟಿಲು ಕೆಳಗಿದೆ: ಉಣ್ಣದೆ ಯಾರೂ ದಪ್ಪಗೆ ಇರಲಾರರು ಎಂಬುದು. ಆ ನಿಯಮವನ್ನು ತಿರುವಿ ಹಾಕಿ, ದೇವದತ್ತನಿಗೆ ಮೈ ಬಾತುಕೊಳ್ಳುವ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ರಾತ್ರಿಯ ಊಟ ಮಾಯವಾಗುತ್ತದೆ.

ಅಂತರ್ಗತ ಊಹೆಗೆ ನಿಜವಾಗಿ ಹತ್ತಿರವಿರುವುದು, ಕೇಳಿದ ಮಾತಿನಲ್ಲಿ ಬಿಟ್ಟುಹೋದ ಪದವನ್ನು ತುಂಬಿಕೊಳ್ಳುವ ಶ್ರುತಾರ್ಥಾಪತ್ತಿಯ ‘ದ್ವಾರಂ’ (ಬಾಗಿಲು) ಎಂಬ ಉದಾಹರಣೆ. ನಮ್ಮ ಕಡೆ ಬೇಸಿಗೆಯ ಸಂಜೆ ಧೂಳಿನ ಗಾಳಿ ಎದ್ದಾಗ ಪಡಸಾಲೆಯಲ್ಲಿ ಕುಳಿತ ಅಜ್ಜ ‘ಬಾಗಲಾ!’ ಎಂದು ಕೂಗುತ್ತಾನೆ, ಮೊಮ್ಮಗ ಓಡಿ ಹೋಗಿ ಬಾಗಿಲು ಮುಚ್ಚುತ್ತಾನೆ. ‘ಮುಚ್ಚು’ ಎಂಬ ಪದ ಯಾರ ಬಾಯಿಂದಲೂ ಬಂದಿಲ್ಲ. ಅದೇ ಅಜ್ಜ ಹೊರಗೆ ಯಾರೋ ಚಿಲಕ ಬಡಿದಾಗ ‘ಬಾಗಲಾ!’ ಎಂದರೆ ಮೊಮ್ಮಗ ತೆರೆಯುತ್ತಾನೆ.

ಇನ್ನು ನೈಯಾಯಿಕರ ಪಂಚಾವಯವ ವಾಕ್ಯದ, ಅಂದರೆ ವಾದವನ್ನು ಐದು ಭಾಗಗಳಲ್ಲಿ ಹೇಳುವ ಕ್ರಮದ ವಿಷಯ. ನನ್ನ ಮಟ್ಟಿಗೆ, ಅಡಗಿದ ಊಹೆಯನ್ನು ಹೊರಗೆಳೆಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಇದೆ ಎಂದು ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ) ಇವೆರಡನ್ನೇ ಹೇಳಿ ನಿಲ್ಲಿಸಲು ಅವರು ಬಿಡುವುದಿಲ್ಲ. ಮೂರನೆಯ ಅವಯವವಾದ ಉದಾಹರಣೆಯಲ್ಲಿ ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ’ ಎಂದು ವ್ಯಾಪ್ತಿಯನ್ನು, ಅಂದರೆ ವಾದ ನಿಂತಿರುವ ಸಾಮಾನ್ಯ ನಿಯಮವನ್ನು, ಬಾಯಿ ಬಿಟ್ಟು ಹೇಳಿಸುತ್ತಾರೆ. ಆ ನಿಯಮವನ್ನು ಬೆಟ್ಟಕ್ಕೆ ಹಚ್ಚುವ ಉಪನಯ, ತೀರ್ಮಾನ ಹೇಳುವ ನಿಗಮನಗಳು ಆಮೇಲಿನವು. ನಿತ್ಯದ ಮಾತಿನಲ್ಲಿ ನಾವು ನುಂಗುವುದು ಈ ಮೂರನೆಯದನ್ನೇ. ಮೇಲಿನ ಇಂಡಿಯವನ ವಿಷಯದಲ್ಲಿ ಮಾತಾಡಿದವರನ್ನು ಅದೇ ಅವಯವವನ್ನು ಪೂರ್ತಿ ಮಾಡಿ ಎಂದು ಕೂರಿಸಿದ್ದರೆ, ‘ಯಾರು ಯಾರು ಇಂಡಿಯವರೋ ಅವರೆಲ್ಲ...’ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕೇಳುಗರಿಗೆ ಗೊತ್ತಿರುವ ಆಧಾರವನ್ನು ಭಾಷಣಕಾರನು ಹೇಳಬೇಕಾಗಿಲ್ಲ, ಅವರೇ ಸೇರಿಸಿಕೊಳ್ಳುತ್ತಾರೆ ಎಂದು ಗ್ರೀಸಿನ ಅರಿಸ್ಟಾಟಲನೂ ಗುರುತಿಸಿದ್ದ. ಆದ್ದರಿಂದ ವಿದ್ಯೆ ಹಳೆಯದು ಎಂಬ ತಮ್ಮ ಮಾತು ನಿಜ. ಅದು ಒಂದೇ ಮನೆಯದಲ್ಲ ಎಂಬುದನ್ನಷ್ಟೇ ಸೇರಿಸುತ್ತೇನೆ.

ಪ್ರಶ್ನೆ: ಇಳಕಲ್‌ನಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಮಹಿಳೆಗೆ ‘ಆಧಾರ್ ತೋರಸ್ರಿ ಅಕ್ಕಾ’ ಎಂದರು. ಆಕೆ, ‘ಯಾಕ, ನಾ ಏನ್ ಸುಳ್ಳ ಹೇಳಾಕಿ ಅನ್ಕೊಂಡೀರೇನು?’ ಎಂದು ಜೋರು ಮಾಡಿದರು. ಆಮೇಲೆ ನೋಡಿದರೆ ಆಕೆ ಸೊಲ್ಲಾಪುರದವರು, ಟಿಕೆಟಿನ ದುಡ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ತಪ್ಪು ಊಹೆ ಯಾರದು? — ಓದುಗರು, ಇಳಕಲ್

ಉತ್ತರ: ಇಬ್ಬರದೂ, ಆದರೆ ಬೇರೆ ಬೇರೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಂದಿನಿಂದ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಪ್ರಯಾಣ ಉಚಿತ, ಮತ್ತು ನಿವಾಸಿ ಎಂಬುದಕ್ಕೆ ಗುರುತಿನ ಚೀಟಿ ಬೇಕು. ಹೀಗಿರುವಾಗ ‘ಆಧಾರ್ ತೋರಸ್ರಿ’ ಎಂಬ ಮಾತಿಗೆ ಬೇಕಾದ ಊಹೆ, ಎದುರಿನವರು ಉಚಿತ ಟಿಕೆಟ್ ಪಡೆಯಲಿದ್ದಾರೆ ಎಂಬುದು. ಅದನ್ನು ತಿರುವಿದರೆ ಕೇಳುವ ಕಾರಣವೇ ಉಳಿಯುವುದಿಲ್ಲ. ಆ ಊಹೆ ಈ ಸಲ ಸುಳ್ಳಾಯಿತು. ‘ಈಕೆ ಸುಳ್ಳು ಹೇಳುತ್ತಾಳೆ’ ಎಂಬುದನ್ನು ತಿರುವಿ ನೋಡಿ: ಆಕೆ ಅಪ್ಪಟ ಪ್ರಾಮಾಣಿಕಳಾಗಿದ್ದರೂ ನಿಯಮದ ಪ್ರಕಾರ ಚೀಟಿ ಕೇಳಲೇಬೇಕು. ಆದ್ದರಿಂದ ಆ ಮಾತು ಕಂಡಕ್ಟರರ ಪ್ರಶ್ನೆಯೊಳಗೆ ಇರಲಿಲ್ಲ, ಆಕೆಯೇ ಹೊರಗಿನಿಂದ ತಂದು ಸೇರಿಸಿದ್ದು.

ಕಂಡಕ್ಟರ್ ‘ಎಲ್ಲಿಗ್ರಿ ಅಕ್ಕಾ?’ ಎಂದು ಶುರು ಮಾಡಿದ್ದರೆ ಈ ಗಲಾಟೆ ಇರುತ್ತಿರಲಿಲ್ಲ. ಅದರಲ್ಲಿಯೂ ಒಂದು ಊಹೆ ಇದೆ, ಆಕೆ ಎಲ್ಲಿಗೋ ಹೊರಟಿದ್ದಾರೆ ಎಂಬುದು. ಬಸ್ಸು ಹತ್ತಿ ಕುಳಿತವರ ವಿಷಯದಲ್ಲಿ ಅಷ್ಟನ್ನು ಊಹಿಸಿಕೊಂಡರೆ ಯಾರೂ ಜಗಳಕ್ಕೆ ಬರುವುದಿಲ್ಲ.